ಮೊದಲ ಮಾತ್ರೆ ಒಗ್ಗದಿದ್ದಾಗ

ಸೋಮವಾರಪೇಟೆ ಕಡೆಯ ಈ ಮಹಿಳೆಗೆ 49 ವರ್ಷ. ಸಣ್ಣದೊಂದು ಕಾಫಿ ತೋಟ, ಮನೆಯಲ್ಲಿ ಗಂಡ, ಅತ್ತೆ, ಕಾಲೇಜಿಗೆ ಹೋಗುವ ಮಗ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ‘ಸಿಟ್ಟು ತಡೆಯೋಕೆ ಆಗ್ತಿಲ್ಲ ಮೇಡಂ’ ಅಂತ ನನ್ನ ಬಳಿ ಸಲಹೆಗೆ ಬಂದಿದ್ದರು. ಕೇಳುತ್ತಾ ಹೋದರೆ, ತಿಂಗಳುಗಟ್ಟಲೆ ಅವರಿಗೆ ಸರಿಯಾದ ನಿದ್ದೆಯೇ ಇರಲಿಲ್ಲ.

ಮುಟ್ಟು ನಿಂತು ವರ್ಷ ದಾಟಿತ್ತು. ಡಿಸೆಂಬರ್ ಚಳಿಯಲ್ಲಿ ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿದ್ದರೆ ಇವರು ಬೆವರಿನಲ್ಲಿ ತೊಯ್ದ ನೈಟಿ ಬದಲಿಸಿ, ಕಿಟಕಿ ತೆಗೆದು ನಿಲ್ಲುತ್ತಿದ್ದರು. ರಾತ್ರಿಗೆ ಮೂರು ನಾಲ್ಕು ಸಲ. ಬೆಳಿಗ್ಗೆ ಕಾಫಿ ಕುಯ್ಲಿಗೆ ಆಳುಗಳು ಬರುವ ಹೊತ್ತಿಗೆ ತೋಟದಲ್ಲಿರಬೇಕು. ಎದೆ ಡವಡವ, ಕೀಲುನೋವು, ಕೂಲಿ ಲೆಕ್ಕದಲ್ಲಿ ಮರೆವು. ಗಂಡ ಹತ್ತಿರ ಬಂದರೆ ಉರಿ, ನೋವು. ಈ ಕೊನೆಯದನ್ನು ಎರಡನೇ ಭೇಟಿಯಲ್ಲಷ್ಟೇ ಹೇಳಿದರು.

ಹಿಂದೆ ವೈದ್ಯರೊಬ್ಬರು, ಮುಟ್ಟು ನಿಂತಾಗ ಮೈಯಲ್ಲಿ ಕಡಿಮೆಯಾಗುವ ಈಸ್ಟ್ರೋಜನ್ ತುಂಬಲು ಹಾರ್ಮೋನ್ ಮಾತ್ರೆ ಕೊಟ್ಟಿದ್ದರು. ಮೂರು ವಾರದಲ್ಲಿ ಸ್ತನ ಬಿಗಿತ, ಹೊಟ್ಟೆಯುಬ್ಬರ, ತಲೆನೋವು ಜಾಸ್ತಿ. ಅಷ್ಟರಲ್ಲಿ ನಾದಿನಿ, ‘ಅದನ್ನ ತಗೊಂಡ್ರೆ ಕ್ಯಾನ್ಸರ್ ಬರುತ್ತಂತೆ ಅತ್ತಿಗೆ’ ಅಂದರು. ಮಾತ್ರೆ ನಿಂತಿತು. ಹಾರ್ಮೋನೇ ತನ್ನ ಮೈಗೆ ಆಗಲ್ಲ ಅಂತ ತೀರ್ಮಾನಿಸಿಬಿಟ್ಟರು.

ನಾನು ಅದನ್ನು ಒಪ್ಪಲಿಲ್ಲ. ಒಗ್ಗದೇ ಹೋಗಿದ್ದು ಆ ಒಂದು ಮಾತ್ರೆ, ಆ ಪ್ರಮಾಣ. ಕ್ಯಾನ್ಸರ್ ಭಯವನ್ನು ಮಾತ್ರ ತಳ್ಳಿಹಾಕಲಿಲ್ಲ, ಅದಕ್ಕೊಂದು ಮೂಲವಿದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಎರಡು ಹಾರ್ಮೋನ್ ಸೇರಿದ ಮಾತ್ರೆ ನುಂಗಿದವರಲ್ಲಿ ವರ್ಷಕ್ಕೆ 10,000 ಮಂದಿಗೆ ಸುಮಾರು 8 ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಆದರೆ ಅಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗೆ, ಇಲ್ಲವೇ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು ಅನ್ನುವುದು ಈಗಿನ ತಜ್ಞರ ಮಾತು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಲ್ಲದು. ಅಂಥವರಿಗೆ ಹಾರ್ಮೋನ್ ಇಲ್ಲದ ಔಷಧಿಗಳಿವೆ.

ಆಮೇಲೆ ತಲೆನೋವಿನ ಬಗ್ಗೆ ಕೇಳಿದೆ. ‘ಮೊದಲು ಕಣ್ಣ ಮುಂದೆ ಅಂಕುಡೊಂಕಾಗಿ ಬೆಳಕು ಓಡುತ್ತೆ. ಆಮೇಲೆ ಅರ್ಧ ತಲೆ ಸಿಡಿಯುತ್ತೆ.’ ಮದುವೆಗೆ ಮುಂಚಿನಿಂದಲೂ ಇದ್ದ ಮೈಗ್ರೇನ್. ವೈದ್ಯರು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಇಂಥವರಿಗೆ ಮಾತ್ರೆಗಿಂತ, ಜೆಲ್‌ನಂತೆ ಹಚ್ಚಿ ಚರ್ಮದ ಮೂಲಕ ಹೋಗುವ ಈಸ್ಟ್ರೋಜನ್ ಮೇಲು. ರಕ್ತ ಹೆಪ್ಪುಗಟ್ಟುವ ಅಪಾಯವೂ ಅದರಲ್ಲಿ ಕಡಿಮೆ.

ಔಷಧಿ ಬರೆಯುವುದು ನನ್ನ ಕೆಲಸವಲ್ಲ. ಹಾಗಾಗಿ ಎರಡು ವಾರ ಬೆವರು, ನಿದ್ದೆ, ತಲೆನೋವು ಎಲ್ಲವನ್ನೂ ದಿನಾ ಬರೆದಿಡಲು ಹೇಳಿದೆ. ತೋಟದ ಲೆಕ್ಕದ ಪುಸ್ತಕದ ಹಿಂಬದಿಯಲ್ಲೇ ಬರೆದರು. ಅದನ್ನು ಹಿಡಿದು ಸ್ತ್ರೀರೋಗ ತಜ್ಞರ ಬಳಿ ಹೋಗಿ, ‘ಜೆಲ್ ನನಗೆ ಆಗುತ್ತಾ?’ ಅಂತ ಬಾಯಿಬಿಟ್ಟು ಕೇಳಿ ಅಂದೆ. ಬಿಪಿ, ಥೈರಾಯ್ಡ್, ಸ್ಕ್ಯಾನಿಂಗ್, ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಆದ ಮೇಲೆ ತಜ್ಞರು ಜೆಲ್ ಕೊಟ್ಟರು. ತೋಳಿಗೆ ಹಚ್ಚಿ, ಒಣಗಲು ಬಿಟ್ಟು, ಕೈ ತೊಳೆಯಬೇಕು. ಜೊತೆಗೆ ರಾತ್ರಿಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ಕ್ಯಾಪ್ಸೂಲ್. ಗರ್ಭಕೋಶ ಇರುವವರು ಇದನ್ನು ಬಿಡುವಂತಿಲ್ಲ. ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರ ದಪ್ಪಗಾಗಿ ಅಲ್ಲಿ ಕ್ಯಾನ್ಸರ್ ಆಗುವ ಅಪಾಯವಿದೆ. ಉರಿಗೆ ಬೇರೆ ಕ್ರೀಮ್ ಬರೆದರು.

ಆ ಮಹಿಳೆಯ ಒಪ್ಪಿಗೆ ಪಡೆದು ಗಂಡನನ್ನೂ ಕರೆಸಿದೆ. ‘ಹಠ ಜಾಸ್ತಿಯಾಗಿದೆ ಅಂದ್ಕೊಂಡಿದ್ದೆ, ಅವಳು ನಿದ್ದೆ ಮಾಡ್ತಿಲ್ಲ ಅಂತ ಗೊತ್ತಿರಲಿಲ್ಲ’ ಅಂದರು. ಕುಯ್ಲು ಮುಗಿಯುವ ತನಕ ಬೆಳಗಿನ ತೋಟದ ಕೆಲಸ ನಾನೇ ನೋಡಿಕೊಳ್ಳುತ್ತೇನೆ ಅಂತ ಅವರೇ ಹೇಳಿದರು.

ಎರಡನೇ ತಿಂಗಳಲ್ಲಿ ಸ್ವಲ್ಪ ರಕ್ತ ಕಂಡಿತು. ಗಾಬರಿಯಾಗಿ ಫೋನ್ ಮಾಡಿದರು, ಮತ್ತೆ ಬಿಟ್ಟುಬಿಡುವ ಯೋಚನೆ. ಮೊದಲ ಕೆಲವು ತಿಂಗಳು ಹೀಗಾಗುವುದುಂಟು, ಆದರೂ ಸುಮ್ನೆ ಕೂರಬೇಡಿ, ವೈದ್ಯರಿಗೆ ತಿಳಿಸಿ ಅಂದೆ. ತೋರಿಸಿದರು, ತೊಂದರೆ ಏನೂ ಇರಲಿಲ್ಲ. ಮೂರು ತಿಂಗಳಿಗೆ ಜೆಲ್ ಪ್ರಮಾಣ ಸ್ವಲ್ಪ ಏರಿಸಿದರು. ಈಗ ರಾತ್ರಿ ಬೆವರು ಅಪರೂಪ, ನಿದ್ದೆ ಬರುತ್ತಿದೆ. ಕೀಲುನೋವು ಇನ್ನೂ ಇದೆ. ಮುಂದಿನ ಭೇಟಿಯಲ್ಲಿ ಕೇಳಬೇಕು ಅಂತ ಅದನ್ನೂ ಬರೆದಿಟ್ಟುಕೊಂಡಿದ್ದಾರೆ.