ನೀಬೋರ್ಡಿಗೆ ಮೂರು ಫಿನ್ನೋ, ನಾಲ್ಕೋ?

ನಿಮ್ಮ ಪ್ರಶ್ನೆ ಇಷ್ಟು: 5 ಅಡಿ 10 ಇಂಚಿನ ನೀಬೋರ್ಡ್ (ಮಂಡಿಯೂರಿ ಸವಾರಿ ಮಾಡುವ ಸರ್ಫ್‌ಬೋರ್ಡ್) ಕೈಗೆ ಬಂದಿದೆ, ಅದರ ತಳದಲ್ಲಿ ಐದು ಫಿನ್ ಬಾಕ್ಸ್, ಅಂದರೆ ಮೀನಿನ ರೆಕ್ಕೆಯಂಥ ಫಿನ್ ಕೂರಿಸುವ ಗೂಡುಗಳಿವೆ. ನಿಂತು ಸರ್ಫ್ ಮಾಡುವ ಗೆಳೆಯರು ಥ್ರಸ್ಟರ್ (ಮೂರು ಫಿನ್) ಹಾಕು ಅನ್ನುತ್ತಾರೆ, ಮಂಡಿಯೂರಿ ಸವಾರಿ ಮಾಡುವವರು ಕ್ವಾಡ್ (ನಾಲ್ಕು ಫಿನ್) ಅನ್ನುತ್ತಾರೆ. ಯಾರ ಮಾತು ಕೇಳಬೇಕು, ಈ ಭಿನ್ನಾಭಿಪ್ರಾಯ ಎಲ್ಲಿಂದ ಬಂತು?

ಕ್ವಾಡ್ ಹಾಕಿ. ಆದರೆ ಕಾರಣ ಗೊತ್ತಿಲ್ಲದೆ ಹಾಕಿದರೆ ತಪ್ಪು ಅಳತೆಯ ಫಿನ್ ತಂದು, ಎರಡೇ ದಿನದಲ್ಲಿ ಬೋರ್ಡನ್ನು ಬೈಯಲು ಶುರುಮಾಡುತ್ತೀರಿ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. (ದೋಣಿಯ ಹಿಂದೆ ಹಗ್ಗ ಹಿಡಿದು ಹೋಗುವ ನೀಬೋರ್ಡಿನ ಮಾತಲ್ಲ ಇದು, ಅಲೆಯ ಮೇಲಿನದ್ದು.)

ಮೊದಲು ಇದ್ದದ್ದು ಒಂದೇ ಫಿನ್. ಟಾಮ್ ಬ್ಲೇಕ್ 1935ರಲ್ಲಿ ಸರ್ಫ್‌ಬೋರ್ಡಿನ ತಳಕ್ಕೆ ಫಿನ್ ಕೂರಿಸಿದಾಗ ಅದು ದೋಣಿಯ ಕೀಲ್‌ನ (ತಳದ ನಡುಪಟ್ಟಿಯ) ತುಂಡಿನಂತಿತ್ತು, ಬೋರ್ಡ್ ಅಡ್ಡ ಜಾರದಿದ್ದರೆ ಸಾಕಿತ್ತು. ಅದನ್ನು ಶಕ್ತಿ ಕೊಡುವ ಅಂಗವಾಗಿ ಕಂಡವನು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಜಾರ್ಜ್ ಗ್ರೀನೊ, ಅವನು ಮಂಡಿಯೂರಿ ಸವಾರಿ ಮಾಡುವವನು. 1960ರ ದಶಕದ ಅವನ 'ಸ್ಪೂನ್' ಬೋರ್ಡುಗಳ ನಡುಭಾಗದಲ್ಲಿ ಫೋಮ್ ಇರಲಿಲ್ಲ, ಬರೀ ಬಾಗುವ ಫೈಬರ್‌ಗ್ಲಾಸ್ ಚಿಪ್ಪು. ಫಿನ್ನೂ ಹಾಗೆಯೇ: ವೇಗದ ಮೀನಿನ ಬಾಲದಂತೆ ಹಿಂದಕ್ಕೆ ಬಾಗಿದ್ದು, ತುದಿಗೆ ಹೋದಂತೆ ತೆಳ್ಳಗಾಗುತ್ತಿತ್ತು. ತಿರುವಿನಲ್ಲಿ ಬಾಗಿ, ಮುಗಿಯುವಾಗ ಚಿಮ್ಮಿ ನೇರವಾಗುತ್ತಿತ್ತು. 1966ರಲ್ಲಿ ಸ್ಯಾನ್ ಡಿಯಾಗೋದ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ನ್ಯಾಟ್ ಯಂಗ್‌ನ ಬೋರ್ಡಿನಲ್ಲಿದ್ದದ್ದು ಗ್ರೀನೊ ಮಾದರಿಯ ಫಿನ್ನೇ.

ಎರಡು ಫಿನ್ನಿನ ಕಥೆಯಲ್ಲೂ ಮಂಡಿಯೇ ಮುಂದು. ಬಾಬ್ ಸಿಮನ್ಸ್ 1940ರ ದಶಕದ ಕೊನೆಯಲ್ಲೇ ಅಗಲ ಟೇಲಿನ, ಅಂದರೆ ಬೋರ್ಡಿನ ಬಾಲದ, ಎರಡೂ ಬದಿಗೆ ಫಿನ್ ಇಟ್ಟಿದ್ದ. ಆದರೆ ಇಂದು ನಾವು 'ಫಿಶ್' ಅನ್ನುವ ಬೋರ್ಡನ್ನು 1967ರಲ್ಲಿ ಸ್ಯಾನ್ ಡಿಯಾಗೋದ ಸ್ಟೀವ್ ಲಿಸ್ ಮಾಡಿದ್ದು ನೀಬೋರ್ಡಾಗಿ. ಸೀಳಿದ ಅಗಲ ಟೇಲ್, ಪ್ರತಿ ಕವಲಿಗೆ ಒಂದೊಂದು ಉದ್ದ ಬುಡದ ಕೀಲ್ ಫಿನ್. ಆಮೇಲೆ ನಿಂತು ಸವಾರಿ ಮಾಡುವವರು ಅದನ್ನು ಎತ್ತಿಕೊಂಡರು. 1972ರ ವಿಶ್ವ ಚಾಂಪಿಯನ್‌ಶಿಪ್ಪನ್ನು ಜಿಮ್ಮಿ ಬ್ಲೇರ್ಸ್ ಗೆದ್ದದ್ದು ಫಿಶ್ ಮೇಲೆ.

ದಾರಿ ಕವಲೊಡೆದದ್ದು ಇಲ್ಲಿಂದ ಮುಂದೆ. ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ ಎರಡು ಫಿನ್ನಿನ 'ಟ್ವಿನ್' ಮೇಲೆ 1979ರಿಂದ 1982ರವರೆಗೆ ನಾಲ್ಕು ವಿಶ್ವ ಪ್ರಶಸ್ತಿ ಗೆದ್ದ. ಅದೇ ಟ್ವಿನ್ ದೊಡ್ಡ ಅಲೆಯಲ್ಲಿ ಜಾರುತ್ತಿದ್ದುದು ಭಾರಿ ಮೈಕಟ್ಟಿನ ಸೈಮನ್ ಆಂಡರ್ಸನ್‌ಗೆ ಹಿಡಿಸಲಿಲ್ಲ. 1980ರ ಕೊನೆಗೆ ಅವನು ಹೆಚ್ಚುಕಡಿಮೆ ಒಂದೇ ಅಳತೆಯ ಮೂರು ಫಿನ್ ಇಟ್ಟ, 1981ರಲ್ಲಿ ಬೆಲ್ಸ್ ಬೀಚ್ ಸ್ಪರ್ಧೆ ಗೆದ್ದ. ಅಲ್ಲಿಂದಾಚೆ ನಿಂತವರ ಪ್ರಪಂಚವೆಲ್ಲ ಥ್ರಸ್ಟರ್. ಆ ಉತ್ತರ ಹುಟ್ಟಿದ್ದು ನಿಂತವನ ಪ್ರಶ್ನೆಗೆ ಅನ್ನುವುದನ್ನು ಮಾತ್ರ ಎಲ್ಲರೂ ಮರೆತರು.

ನಿಂತವನ ಹಿಂಗಾಲು ಥ್ರಸ್ಟರಿನ ನಡು ಫಿನ್ನಿನ ಮೇಲೋ, ತುಸು ಮುಂದೋ ಇರುತ್ತದೆ. ಮೈಯ ಎತ್ತರವೆಲ್ಲ ಸನ್ನೆಕೋಲು. ಒತ್ತಿದ, ಬೋರ್ಡ್ ಆ ಬಿಂದುವಿನ ಸುತ್ತ ತಿರುಗಿತು. ಮಂಡಿಯೂರಿದವರ ಭಾರ ಮಂಡಿಯಿಂದ ಪಾದದವರೆಗೆ ಉದ್ದಕ್ಕೆ ಹರಡಿರುತ್ತದೆ, ಸೊಂಟ ಬೋರ್ಡಿಗೆ ಹತ್ತಿರ. ಹಿಮ್ಮಡಿಯ ಮೇಲೆ ಕುಳಿತು ಟೇಲ್ ಅದುಮಬಹುದು, ಆದರೆ ಒಂದೇ ಬಿಂದುವಿಗೆ ಚುಚ್ಚಿದಂತೆ ಒತ್ತಲು ಬರುವುದಿಲ್ಲ. ನಮ್ಮ ತಿರುವೆಲ್ಲ ಬೋರ್ಡಿನ ಅಂಚಿನ ಮೇಲೆ, ಅಂದರೆ ರೈಲ್ ಮೇಲೆ.

ಜೊತೆಗೆ ಟೇಲಿನ ಅಗಲ. ನಿಂತು ಆಡುವ ಶಾರ್ಟ್‌ಬೋರ್ಡಿನಲ್ಲಿ ತುದಿಯಿಂದ 12 ಇಂಚು ಮೇಲೆ ಅಳೆದರೆ 14-15 ಇಂಚು ಸಿಗುತ್ತದೆ, ನೀಬೋರ್ಡಿನಲ್ಲಿ 17 ದಾಟುವುದು ಸಾಮಾನ್ಯ. ಒಂದು ಒರಟು ಲೆಕ್ಕ ಮಾಡೋಣ. ನಡು ಫಿನ್ ಇರುವ ಜಾಗದಲ್ಲಿ ಒಂದು ಬೋರ್ಡ್ 10 ಇಂಚು ಅಗಲ, ಇನ್ನೊಂದು 14 ಅಂದುಕೊಳ್ಳಿ. ಎರಡನ್ನೂ 45 ಡಿಗ್ರಿ ವಾಲಿಸಿ. ಫಿನ್ನಿನ ಬುಡ ಮುಳುಗಿದ ರೈಲಿಗಿಂತ ಮೊದಲನೆಯದರಲ್ಲಿ ಸುಮಾರು 3.5 ಇಂಚು, ಎರಡನೆಯದರಲ್ಲಿ ಸುಮಾರು 5 ಇಂಚು ಮೇಲೇಳುತ್ತದೆ. 4.5 ಇಂಚು ಆಳದ ಫಿನ್ ಆ ಕೋನದಲ್ಲಿ ಕೆಳಕ್ಕೆ ಚಾಚುವುದು 3.2 ಇಂಚು ಮಾತ್ರ. ಅಂದರೆ ಕಿರಿದಾದ ಟೇಲಿನಲ್ಲಿ ತುದಿ ಹೆಚ್ಚುಕಡಿಮೆ ರೈಲಿನ ಮಟ್ಟಕ್ಕೆ ಮುಟ್ಟುತ್ತದೆ, ಅಗಲದ್ದರಲ್ಲಿ ಅದಕ್ಕಿಂತ 2 ಇಂಚಿನಷ್ಟು ಮೇಲೆಯೇ ನಿಲ್ಲುತ್ತದೆ. ಹಿಡಿತ ಬೇಕಾದ ಗಳಿಗೆಯಲ್ಲೇ ಅಗಲ ಟೇಲಿನ ನಡು ಫಿನ್ ಅರ್ಧ ಗಾಳಿಯಲ್ಲಿ, ನೇರ ಓಡುವಾಗ ಮಾತ್ರ ಪೂರ್ತಿ ನೀರಲ್ಲಿದ್ದು ಎಳೆತ ಕೊಡುತ್ತದೆ. ಕ್ವಾಡ್ ಆ ಫಿನ್ನನ್ನು ಎರಡಾಗಿ ಸೀಳಿ ರೈಲಿನ ಹತ್ತಿರ ತಂದಂತೆ. ವಾಲಿದಾಗ ಅಲೆಯ ಗೋಡೆಯ ಕಡೆ ಎರಡು ಫಿನ್ ಒಟ್ಟಿಗೆ ಕಚ್ಚಿರುತ್ತವೆ.

ಸವಾರಿಯ ಅನುಭವ ಹೇಳುವುದಾದರೆ: ಸಿಂಗಲ್ ಫಿನ್ನಿಗೆ ತಾಳ್ಮೆ ಬೇಕು, ತಿರುವು ಒಂದೇ ಉದ್ದ ಬಿಲ್ಲಿನಂತೆ. ಕೀಲ್ ಟ್ವಿನ್ ಚಪ್ಪಟೆ ಅಲೆಯಲ್ಲಿ ತಾನಾಗಿ ಓಡುತ್ತದೆ, ಆದರೆ ಕಡಿದಾದ ಟೊಳ್ಳು ಅಲೆಯಲ್ಲಿ ಒದ್ದೆ ನೆಲದ ಮೇಲಿನ ಸೋಪು. ಥ್ರಸ್ಟರ್ ಗೂಟಕ್ಕೆ ಕಟ್ಟಿದ ಹಸು, ಎಲ್ಲಿ ಸುತ್ತುತ್ತದೆ ಎಂಬುದು ಖಚಿತ, ಆದರೆ ಹಗ್ಗದಷ್ಟೇ ದೂರ. ಕ್ವಾಡ್‌ನಲ್ಲಿ ಮೊದಲು ಗಮನಕ್ಕೆ ಬರುವುದು ಹ್ಯಾಂಡ್‌ಬ್ರೇಕ್ ಬಿಟ್ಟ ಹಾಗೆ ಮುಂದಕ್ಕೆ ಜಾರುವುದು. ಅಲೆಯ ಬುಡದ ತಿರುವಿನಿಂದ ಹೊರಬರುವಾಗ ವೇಗ ಉಳಿದಿರುತ್ತದೆ. ಅದರ ದೋಷವೂ ಅದರಲ್ಲೇ ಇದೆ: ಹಳಿ ಹಿಡಿದಂತೆ ಓಡಿ, ನೆಟ್ಟಗೆ ಮೇಲಕ್ಕೆ ತಿರುಗಲು ಹಟ ಮಾಡುತ್ತದೆ.

ನಡುವೆ ಇನ್ನೆರಡು ಕವಲುಗಳಿವೆ. ಕ್ಯಾಂಪ್‌ಬೆಲ್ ಸಹೋದರರ 1970ರ ದಶಕದ 'ಬಾಂಜರ್' ಬದಿಯ ಉದ್ದ ಕೀಲುಗಳನ್ನು ತಳದ ಜೋಡಿ ತಗ್ಗಿನೊಂದಿಗೆ ಸೇರಿಸಿತು. ವಿಲ್ ಜಾಬ್ಸನ್‌ನ 'ಟ್ವಿನ್ಜರ್' ಮುಖ್ಯ ಫಿನ್ನಿನ ಮುಂದೆ, ರೈಲಿನ ಕಡೆಗೆ, ಪುಟ್ಟ ಫಿನ್ ಇಟ್ಟು ನೀರನ್ನು ಮುಖ್ಯ ಫಿನ್ನಿಗೆ ಸರಿಯಾಗಿ ಹಾಯಿಸುತ್ತದೆ. ಎರಡೂ ಬುದ್ಧಿವಂತ ವಿನ್ಯಾಸಗಳು, ಆದರೆ ಐದು ಬಾಕ್ಸಿನ ನಿಮ್ಮ ಬೋರ್ಡಿನಲ್ಲಿ ಎರಡೂ ಆಗುವುದಿಲ್ಲ.

ಈಗ ನಿಮ್ಮ ಬೋರ್ಡಿಗೆ ಬರೋಣ. ಮೊದಲು ಅಳೆಯಿರಿ. ತಳದ ನಡುಗೆರೆಯ ಮೇಲೆ ದಾರ ಬಿಗಿದು, ಪ್ರತಿ ಫಿನ್ನಿನ ಹಿಂಬದಿ ತುದಿ ಬೋರ್ಡಿನ ಬಾಲದ ತುದಿಯಿಂದ ಎಷ್ಟು ದೂರ ಅನ್ನುವುದನ್ನು ಬರೆದುಕೊಳ್ಳಿ. ಮುಂದಿನ ಜೋಡಿ 11 ಇಂಚಿನ ಆಸುಪಾಸು, ಹಿಂದಿನ ಜೋಡಿ 5ರಿಂದ 6.5 ಇಂಚಿನೊಳಗೆ ಇದ್ದರೆ ಸರಿ. ಆಮೇಲೆ ಟೋ, ಅಂದರೆ ಫಿನ್ನಿನ ಮುಂತುದಿ ನಡುಗೆರೆಯ ಕಡೆ ಎಷ್ಟು ತಿರುಗಿದೆ ಎಂಬುದು. ಒಂದೇ ಫಿನ್ನಿನ ಮುಂತುದಿಯಿಂದಲೂ ಹಿಂತುದಿಯಿಂದಲೂ ದಾರಕ್ಕೆ ಇರುವ ದೂರ ಅಳೆದು ಕಳೆಯಿರಿ. ಮುಂದಿನವಕ್ಕೆ ಸುಮಾರು ಕಾಲು ಇಂಚು, ಹಿಂದಿನವಕ್ಕೆ ಅರೆಕಾಲು ಇಂಚು ವ್ಯತ್ಯಾಸ ಇರುವುದು ವಾಡಿಕೆ. ಎಡ ಬಲ ಒಂದೇ ಇರಬೇಕು. ಬೇರೆಬೇರೆ ಇದ್ದರೆ ಬೋರ್ಡ್ ನೇರ ಓಡುವಾಗಲೂ ಒಂದು ಕಡೆಗೆ ಎಳೆಯುತ್ತದೆ, ಅದಕ್ಕೆ ಫಿನ್ ಬದಲಾಯಿಸಿ ಪ್ರಯೋಜನವಿಲ್ಲ, ಬಾಕ್ಸ್ ಕಿತ್ತು ಕೂರಿಸಬೇಕು. ಟೋ ಅತಿಯಾದರೆ ನೇರ ಓಟದಲ್ಲಿ ಎಳೆತ. ಹೊರಕ್ಕೆ ವಾಲಿಸುವ ಕ್ಯಾಂಟ್ ಅತಿಯಾದರೆ ತಿರುವು ಸಲೀಸು, ನೇರ ಓಟದ ವೇಗ ಕಡಿಮೆ.

ಬಾಕ್ಸ್ ಜಾಗ ಬದಲಾಗದು ಅಂದಮೇಲೆ ನಿಮ್ಮ ಕೈಲಿ ಉಳಿದದ್ದು ಫಿನ್ನಿನ ಅಳತೆ, ಹಿಂಬಾಗು, ಫಾಯಿಲ್ (ಎರಡು ಬದಿಗಳ ಉಬ್ಬು), ಗಟ್ಟಿತನ. ಮುಂದೆ 4.5 ಇಂಚು ಆಳದ್ದು, ಹಿಂದೆ 4 ಇಂಚಿನದ್ದು ಹಾಕಿ ಶುರುಮಾಡಿ. ಮುಂದಿನವು ಒಳಬದಿ ಚಪ್ಪಟೆ, ಹೊರಬದಿ ಉಬ್ಬು ಇರಲಿ. ಹಿಂದಿನವು ಒಳಬದಿಯಲ್ಲೂ ಸ್ವಲ್ಪ ಉಬ್ಬಿದ 80/20 ಫಾಯಿಲ್, ಅಥವಾ ಎರಡೂ ಬದಿ ಸಮ ಇರುವ 50/50. ಹಿಂದಿನವು ನಡುಗೆರೆಗೆ ಹತ್ತಿರ ಇದ್ದಷ್ಟೂ 50/50 ಒಪ್ಪುತ್ತದೆ, ಏಕೆಂದರೆ ಅಲ್ಲಿ ನೀರು ಎರಡೂ ಕಡೆಯಿಂದ ಬಡಿಯುತ್ತದೆ.

ಬೋರ್ಡ್ ಹಳಿ ಹಿಡಿದಂತೆ ಹಟ ಮಾಡಿದರೆ ಹಿಂದಿನ ಜೋಡಿಯನ್ನು 3.6 ಇಂಚಿಗೆ ಇಳಿಸಿ, ಮುಂದಿನದನ್ನು ಮುಟ್ಟಬೇಡಿ. ಹೆಚ್ಚಿನವರು ಮಾಡುವ ತಪ್ಪು ನಾಲ್ಕನ್ನೂ ಒಟ್ಟಿಗೆ ಚಿಕ್ಕದು ಮಾಡುವುದು. ಆಗ ಹಟವೂ ಹೋಗುತ್ತದೆ, ಹಿಡಿತವೂ ಹೋಗುತ್ತದೆ. ತಡವಾಗಿ ಇಳಿಯುವಾಗ ಟೇಲ್ ಜಾರಿದರೆ ಹಿಂದಿನದನ್ನು ದೊಡ್ಡದು ಮಾಡಿ, ಇಲ್ಲವೇ ಹೆಚ್ಚು ಹಿಂಬಾಗಿದ್ದು ಹಾಕಿ. ಅದಕ್ಕೂ ಬಗ್ಗದಿದ್ದರೆ ನಡು ಬಾಕ್ಸಿಗೆ 2 ಇಂಚಿನ ಪುಟ್ಟ ಫಿನ್ ಸೇರಿಸಿ ನೋಡಬಹುದು. ಓಟ ತುಸು ತಗ್ಗುತ್ತದೆ, ನೆಮ್ಮದಿ ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ದಿನ, ಅದೇ ಅಲೆಯಲ್ಲಿ. ಇಲ್ಲದಿದ್ದರೆ ಅಲೆ ಬದಲಾದದ್ದೋ ಫಿನ್ ಬದಲಾದದ್ದೋ ತಿಳಿಯುವುದಿಲ್ಲ.

ಟೇಲ್ ಇದ್ದಕ್ಕಿದ್ದಂತೆ ಹಿಡಿತ ಬಿಟ್ಟರೆ 'ಕ್ಯಾವಿಟೇಷನ್' ಎಂದು ಹೇಳುವವರಿದ್ದಾರೆ. ಈ ವೇಗದಲ್ಲಿ ಆಗುವುದು ಅದಲ್ಲ. ಕ್ಯಾವಿಟೇಷನ್ ಅಂದರೆ ಒತ್ತಡ ಕುಸಿದು ನೀರೇ ಆವಿಯಾಗುವುದು. ಇಲ್ಲಿ ಆಗುವುದು ಮೇಲಿನ ಗಾಳಿ ಫಿನ್ನಿನ ಬದಿಗುಂಟ ನೀರಿನೊಳಕ್ಕೆ ನುಗ್ಗುವುದು. ಫಿನ್ ರೈಲಿಗೆ ತೀರಾ ಹತ್ತಿರ ಇದ್ದಾಗ, ಅಂಚಿನಲ್ಲಿ ಕಚ್ಚು ಬಿದ್ದಾಗ ಇದು ಬೇಗ ಆಗುತ್ತದೆ. ಕ್ವಾಡ್‌ನಲ್ಲಿ ಮುಂದಿನ ಫಿನ್ ಗಾಳಿ ನುಂಗಿದರೂ ಹಿಂದಿನದು ಹಿಡಿದುಕೊಳ್ಳುವ ಸಾಧ್ಯತೆ ಇದೆ, ಟ್ವಿನ್‌ಗೆ ಆ ವಿಮೆ ಇಲ್ಲ.

ಫಿನ್ ದೂರುವ ಮೊದಲು ಕಾಲು ನೋಡಿಕೊಳ್ಳಿ. ಕಾಲಿನ ಫ್ಲಿಪ್ಪರ್ (ಈಜಲು ಪಾದಕ್ಕೆ ಹಾಕುವ ರಬ್ಬರ್ ಹುಟ್ಟು) ಟೇಲಿನಾಚೆ ನೀರಿಗೆ ಇಳಿಬಿದ್ದಿದ್ದರೆ ಯಾವ ಫಿನ್ ಹಾಕಿದರೂ ಬೋರ್ಡ್ ನಿಧಾನವೇ. ಮಂಡಿ ಎರಡು ಇಂಚು ಮುಂದಿಟ್ಟರೆ ಕ್ವಾಡ್ ಓಡುತ್ತದೆ, ಹಿಂದಿಟ್ಟರೆ ತಿರುಗುತ್ತದೆ. ಡೆಕ್ ಪ್ಯಾಡ್ (ಮಂಡಿಯಡಿಯ ಮೆತ್ತೆ) ಅಂಟಿಸುವ ಮುನ್ನ ಇದನ್ನು ನೀರಿನಲ್ಲೇ ಗೊತ್ತುಮಾಡಿಕೊಳ್ಳಿ.

ಕೊನೆಯದಾಗಿ ಕೂರಿಸುವಾಗಿನ ಸಣ್ಣ ವಿಷಯಗಳು. ಎಫ್‌ಸಿಎಸ್ ಕಂಪನಿಯ ಫಿನ್ ಫ್ಯೂಚರ್ಸ್ ಕಂಪನಿಯ ಬಾಕ್ಸಿಗೆ ಕೂರುವುದಿಲ್ಲ, ಕೊಳ್ಳುವ ಮುನ್ನ ಬಾಕ್ಸ್ ನೋಡಿ. ಚಪ್ಪಟೆ ಬದಿ ಒಳಗೆ, ನಡುಗೆರೆಯ ಕಡೆಗೆ. ಹಿಂದಿನ ಜೋಡಿಯಲ್ಲಿ ಎಡ ಬಲ ಅದಲುಬದಲಾಗುವುದು ಎಷ್ಟು ಸಾಮಾನ್ಯ ಅಂದರೆ, ಹೊಸ ಕ್ವಾಡ್ ಸರಿಯಿಲ್ಲ ಅನ್ನುವವರಿಗೆ ನಾನು ಮೊದಲು ಕೇಳುವುದೇ ಇದನ್ನು. ಸ್ಕ್ರೂ ಬಿಗಿಯಾದ ಕೂಡಲೇ ನಿಲ್ಲಿಸಿ, ಇನ್ನರ್ಧ ಸುತ್ತು ತಿರುಗಿಸಿದರೆ ಎಳೆ ಸವೆದು ಬಾಕ್ಸ್ ಹಾಳು. ಓಡುವಾಗ ಗುಂಯ್ ಎಂಬ ಸದ್ದು ಬಂದರೆ ಯಾವುದೋ ಫಿನ್ನಿನ ಹಿಂಬದಿ ಅಂಚು ದಪ್ಪಗಿದೆ, ಇಲ್ಲವೇ ಕಚ್ಚು ಬಿದ್ದಿದೆ. 220 ಗ್ರಿಟ್ಟಿನ ಕಾಗದದಿಂದ ಎರಡೂ ಬದಿ ಸಮನಾಗಿ ಉಜ್ಜಿ, 400ರಿಂದ ನಯ ಮಾಡಿ. ಅಂಚನ್ನು ಚಾಕುವಿನಷ್ಟು ಚೂಪು ಮಾಡಬೇಡಿ, ಬಿದ್ದಾಗ ಮೊದಲು ತಗಲುವುದು ನಿಮ್ಮ ತೊಡೆಗೇ.