ಬೀರುವಿನ ಮೇಲೆ ಹೊರಿಸಿದ ತಪ್ಪು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

52 ವರ್ಷದ ಈ ವ್ಯಕ್ತಿಯನ್ನು ಸಲಹೆಗಾಗಿ ನನ್ನ ಬಳಿಗೆ ಕಳುಹಿಸಿದವರು ಶಸ್ತ್ರಚಿಕಿತ್ಸಕರು. ಬಲ ತೊಡೆಸಂದಿನಲ್ಲಿ ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆಯ ದುರ್ಬಲ ಜಾಗದಿಂದ ಒಳಗಿನ ಭಾಗ ಹೊರಕ್ಕೆ ಉಬ್ಬಿಕೊಂಡಿತ್ತು. ಅವಸರವೇನಿಲ್ಲ, ಆದರೆ ಮನುಷ್ಯ ನಿದ್ದೆ ಮಾಡುತ್ತಿಲ್ಲ ಎಂದು ಚೀಟಿಯಲ್ಲಿ ಬರೆದಿದ್ದರು.

ನಿದ್ದೆ ಕೆಡಿಸಿದ್ದು ಒಂದು ಕಬ್ಬಿಣದ ಬೀರು. ತಮ್ಮನ ಮನೆ ಬದಲಾಯಿಸುವಾಗ ಇವರೂ ಹೆಗಲು ಕೊಟ್ಟಿದ್ದರು. ಮೂರು ವಾರಗಳ ನಂತರ ಸ್ನಾನ ಮಾಡುವಾಗ ಉಬ್ಬು ಕೈಗೆ ಸಿಕ್ಕಿತು. ಅಂದಿನಿಂದ ತಮ್ಮನೊಡನೆ ಮಾತಿಲ್ಲ. "ಹಮಾಲರ ಕೂಲಿ ಉಳಿಸಲು ನನ್ನ ಹೊಟ್ಟೆ ಹರಿದ, ಮೇಡಂ."

ನಾನು ವಾದಕ್ಕೆ ಇಳಿಯಲಿಲ್ಲ. ಮನೆಯಲ್ಲಿ ಇನ್ಯಾರಿಗಾದರೂ ಇತ್ತೇ ಎಂದೆ. ಇಲ್ಲ ಎಂದರು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನ ನೆನಪು ಬಂತು: ಬೆನ್ನುನೋವಿಗೆಂದು ಅವರು ಪಟ್ಟಿ ಕಟ್ಟುತ್ತಿದ್ದರಂತೆ. "ಆದರೆ ಪಟ್ಟಿ ಬೆನ್ನಿಗೆ ಇರಲಿಲ್ಲ. ಕೆಳಗೆ, ತೊಡೆಯ ಹತ್ತಿರ..." ಎಂದು ಅವರೇ ಅರ್ಧಕ್ಕೆ ನಿಲ್ಲಿಸಿದರು. ಅಣ್ಣನಿಗೂ ಯಾವುದೋ 'ಸಣ್ಣ ಆಪರೇಷನ್' ಆಗಿತ್ತು. ಯಾವುದೆಂದು ಯಾರೂ ಕೇಳಿರಲಿಲ್ಲ. ಹರ್ನಿಯಾ ಬರುವ ಜಾಗ ಅಂಥದ್ದು. ನಾಚಿಕೆಯಿಂದಾಗಿ ಮನೆಯ ಕಾಯಿಲೆಯ ಚರಿತ್ರೆಯೇ ಮರೆಯಾಗಿಬಿಡುತ್ತದೆ.

ಉಳಿದದ್ದನ್ನು ಕೆದಕಿಯೇ ತೆಗೆಯಬೇಕಾಯಿತು. ಮೂವತ್ತು ವರ್ಷಗಳ ಸಿಗರೇಟು. ದಿನವೂ ಬೆಳಿಗ್ಗೆ ಕೆಮ್ಮು, "ಅದು ಕಾಯಿಲೆಯಲ್ಲ, ಅಭ್ಯಾಸ." ಮೂತ್ರಕ್ಕೆ ಹೋದಾಗ ತಿಣುಕಬೇಕು, ಅದನ್ನು ವೈದ್ಯರಿಗೂ ಹೇಳಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಗಂಡುಮಗು ಗರ್ಭದಲ್ಲಿರುವಾಗ ವೃಷಣ ಹೊಟ್ಟೆಯೊಳಗಿನಿಂದ ತೊಡೆಸಂದಿನ ದಾರಿಯಾಗಿಯೇ ಇಳಿಯುತ್ತದೆ. ಆ ದಾರಿ ಕೊನೆಯವರೆಗೂ ದುರ್ಬಲ ಜಾಗ. ಆದ್ದರಿಂದಲೇ ಜೀವಮಾನದಲ್ಲಿ 100 ಗಂಡಸರಲ್ಲಿ ಸುಮಾರು 27 ಮಂದಿಗೆ ಇದು ಬರುತ್ತದೆ, ಹೆಂಗಸರಲ್ಲಿ ಸುಮಾರು 3 ಮಂದಿಗೆ. ಅಪ್ಪನಿಗೋ ಅಣ್ಣನಿಗೋ ಇದ್ದರೆ ಸಾಧ್ಯತೆ ಇನ್ನೂ ಹೆಚ್ಚು. ವಯಸ್ಸಾದಂತೆ ಹೊಟ್ಟೆಯ ಗೋಡೆ ಸಡಿಲಗೊಳ್ಳುತ್ತದೆ, ಕೆಮ್ಮು ಮತ್ತು ತಿಣುಕಾಟ ಒಳಗಿನಿಂದ ದಿನವೂ ಅದನ್ನು ನೂಕುತ್ತವೆ. ಭಾರ ಎತ್ತುವುದರ ಬಗ್ಗೆ ಮಾತ್ರ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಬೀರು ಬಾಗಿಲನ್ನು ತಳ್ಳಿರಬಹುದು. ಚೌಕಟ್ಟು ಅದಕ್ಕೂ ಮೊದಲೇ ಅಲುಗಾಡುತ್ತಿತ್ತು. ತಾನು ತೆಳ್ಳಗಿದ್ದೇನೆ, ಬೊಜ್ಜಿನವರಿಗಲ್ಲವೇ ಇದು ಬರುವುದು ಎಂದು ಕೇಳಿದರು. ತೆಳ್ಳಗಿರುವುದು ಇದಕ್ಕೆ ರಕ್ಷಣೆಯಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸಿಗರೇಟಿನ ಮಾತನ್ನು ಬೇಗ ಎತ್ತಿಬಿಟ್ಟೆ. "ಹಾಗಾದರೆ ತಪ್ಪು ನನ್ನದೇ" ಎಂದು ಮುಖ ಇಳಿಬಿಟ್ಟರು. ತಮ್ಮನ ತಲೆಯಿಂದ ಇಳಿದದ್ದು ನೇರವಾಗಿ ಇವರ ತಲೆಗೇರಿತ್ತು. ಗಂಡಾಗಿ ಹುಟ್ಟಿದ್ದು, ಅಪ್ಪ, ವಯಸ್ಸು ಇವೆಲ್ಲ ಯಾರ ತಪ್ಪು ಎಂದು ಕೇಳಿದ ಮೇಲೆ ಕೊಂಚ ನಕ್ಕರು.

ಸಲಹೆಯನ್ನು ಕೈಯಲ್ಲಿರುವುದಕ್ಕೆ ಮಾತ್ರ ಸೀಮಿತಗೊಳಿಸಿದೆ. ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಗುವವರೆಗೆ ಕಾಯದೆ ಈಗಲೇ ಸಿಗರೇಟು ಬಿಡಬೇಕು; ಗಾಯ ಮಾಯಲೂ ಅದು ಅಗತ್ಯ. ಕೆಮ್ಮನ್ನೂ ಮೂತ್ರದ ತೊಂದರೆಯನ್ನೂ ವೈದ್ಯರಿಗೆ ಬಿಡಿಸಿ ಹೇಳಬೇಕು. ಹೆದರಿ ನಡಿಗೆಯನ್ನೇ ನಿಲ್ಲಿಸಿ ಮಲಬದ್ಧತೆ ತಂದುಕೊಂಡಿದ್ದರು: ನಡೆಯಿರಿ, ನೀರು, ನಾರಿನಂಶ ಹೆಚ್ಚಿಸಿ ಎಂದೆ. ಉಬ್ಬು ಮಲಗಿದರೂ ಒಳಗೆ ಹೋಗದಿದ್ದರೆ, ಗಟ್ಟಿಯಾಗಿ ನೋಯತೊಡಗಿದರೆ, ಅದರ ಮೇಲಿನ ಚರ್ಮದ ಬಣ್ಣ ಬದಲಾದರೆ ಅಥವಾ ಜೊತೆಗೆ ವಾಂತಿಯಾದರೆ ಬಲವಂತವಾಗಿ ಒತ್ತದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದನ್ನು ಎರಡು ಸಲ ಹೇಳಿ ಬರೆದೂ ಕೊಟ್ಟೆ.

ಎರಡನೆಯ ಭೇಟಿಗೆ ಬಂದಾಗ ಅಣ್ಣನೊಡನೆ ಮಾತನಾಡಿದ್ದರು. ಆ 'ಸಣ್ಣ ಆಪರೇಷನ್' ಹರ್ನಿಯಾದ್ದೇ ಆಗಿತ್ತು. ತಮ್ಮನಿಗೆ ಮಾತ್ರ ಇನ್ನೂ ಫೋನ್ ಮಾಡಿರಲಿಲ್ಲ.

"ನಿಮ್ಮ ತಮ್ಮನಿಗೂ ಅಪ್ಪ ಅವರೇ ಅಲ್ಲವೇ?" ಎಂದೆ. ಇವರು ಬಹಳ ಹೊತ್ತು ಸುಮ್ಮನಿದ್ದರು, ನಂತರ ಜೇಬಿನಲ್ಲಿ ಮೊಬೈಲ್ ಹುಡುಕಿದರು.