ಕಾಮೆನ್ ರೈಡರ್ 555ರಲ್ಲಿ ಕುಟುಂಬದ ಕಥೆ ಎಲ್ಲಿದೆ?

ನೀವು ಕೇಳಿದ್ದು: "ಕಾಮೆನ್ ರೈಡರ್ 555 ಕುಟುಂಬದ ಬಗ್ಗೆ, ತನ್ನನ್ನು ತಾನು ಒಪ್ಪಿಕೊಳ್ಳುವುದರ ಬಗ್ಗೆ ಅಂತ ಎಲ್ಲರೂ ಹೊಗಳುತ್ತಾರೆ. ಹತ್ತು ಎಪಿಸೋಡ್ ನೋಡಿದೆ. ಕಂಡದ್ದು ಬರೀ ಜಗಳ, ತಪ್ಪು ತಿಳಿವಳಿಕೆ, ಸದಾ ಮುಖ ಗಂಟು ಹಾಕಿಕೊಂಡ ಹೀರೋ. ಮುಂದಿನ ಕಥೆ ಹೇಳಿದರೂ ಪರವಾಗಿಲ್ಲ, ಏನನ್ನು ಗಮನಿಸಬೇಕು ಹೇಳಿ."

ಕಥೆ ಹೇಳಿದರೂ ಪರವಾಗಿಲ್ಲ ಅಂದಿದ್ದೀರಿ, ಹಾಗಾಗಿ ಪೂರ್ತಿ ಹೇಳಿಬಿಡುತ್ತೇನೆ. ಬೇರೆ ಯಾರಾದರೂ ಓದುತ್ತಿದ್ದರೆ, ಇನ್ನೂ ನೋಡಿಲ್ಲದಿದ್ದರೆ, ಇಲ್ಲಿಗೇ ನಿಲ್ಲಿಸಿ.

ಬೆಲ್ಟು ಕಟ್ಟಿ ವೇಷ ಬದಲಿಸಿ ಹೋರಾಡುವ ಹೀರೋನ ಈ ಜಪಾನಿ ಟಿವಿ ಸರಣಿಯಲ್ಲಿ ಯಾರೂ ಕೂತು "ನಾವೆಲ್ಲ ಒಂದು ಕುಟುಂಬ" ಅಂತ ಮಾತಾಡುವುದಿಲ್ಲ. ಅದಕ್ಕೇ ಹತ್ತು ಕಂತಿಗೆ ಏನೂ ಕಾಣುವುದಿಲ್ಲ. ಕೇಳಬೇಕಾದ ಪ್ರಶ್ನೆ ಎರಡು: ಯಾರು ಯಾರ ಮನೆಯಲ್ಲಿ ಉಣ್ಣುತ್ತಿದ್ದಾರೆ? ಬೆಲ್ಟು ಯಾರನ್ನು ಒಪ್ಪಿಕೊಳ್ಳುತ್ತದೆ? ಇವೆರಡಕ್ಕೆ ಉತ್ತರ ಹುಡುಕುತ್ತಾ ಹೋದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಬೆಲ್ಟು. ಫೈಜ್ ಆಗುವ, ಅಂದರೆ ಹೀರೋ ಕವಚದ ವೇಷ ತೊಡುವ ಕ್ರಮ ನಿಮಗೆ ಗೊತ್ತೇ ಇದೆ: ಮಡಚುವ ಮೊಬೈಲ್ ತೆರೆದು 5-5-5 ಒತ್ತಿ, ಎಂಟರ್ ಒತ್ತಬೇಕು. "ಸ್ಟ್ಯಾಂಡಿಂಗ್ ಬೈ" ಅನ್ನುತ್ತದೆ. ಫೋನ್ ಮುಚ್ಚಿ ಬೆಲ್ಟಿನ ಬಕಲ್‌ಗೆ ಸಿಕ್ಕಿಸಿ ಪಕ್ಕಕ್ಕೆ ಮಲಗಿಸಿದರೆ "ಕಂಪ್ಲೀಟ್", ಮೈಮೇಲೆ ಕೆಂಪು ಗೆರೆಗಳು ಹರಿಯುತ್ತವೆ. ಈಗ ಮೊದಲನೇ ಕಂತು ನೆನಪಿಸಿಕೊಳ್ಳಿ. ಅಲ್ಲಿ ಮೊದಲು ಬೆಲ್ಟು ಕಟ್ಟಿಕೊಳ್ಳುವವಳು ಮರಿ. (ನಮ್ಮ ನಾಯಿಮರಿಯ ಮರಿ ಅಲ್ಲ, ಸೊನೊಡ ಮರಿ, ಮಾರಿ ಅಂತ ಓದಿದರೆ ಇನ್ನೂ ಕಷ್ಟ.) ಬೆಲ್ಟು "ಎರರ್" ಅಂದು ಅವಳನ್ನು ಎತ್ತಿ ಎಸೆಯುತ್ತದೆ. ಬೇರೆ ದಾರಿ ಕಾಣದೆ ಅವಳು ಅದನ್ನು ಪಕ್ಕದಲ್ಲಿದ್ದ ಅಪರಿಚಿತ ಟಕುಮಿಗೆ ಕಟ್ಟುತ್ತಾಳೆ. ಅವನಿಗೆ "ಕಂಪ್ಲೀಟ್". ಹೀರೋ ಅಲ್ಲವೇ, ಆಗಲೇಬೇಕು ಅಂದುಕೊಂಡು ನಾವು ಮುಂದೆ ಹೋಗುತ್ತೇವೆ. ಆದರೆ ಈ ಬೆಲ್ಟಿನ ನಿಯಮ ಬೇರೆ. ಅದನ್ನು ಮಾಡಿದ್ದೇ ಈ ಕಥೆಯ ರಾಕ್ಷಸರಾದ ಆರ್ಫ್‌ನಾಕ್‌ಗಳಿಗಾಗಿ, ಅವರ ರಾಜನ ರಕ್ಷಣೆಗೆ. ಆರ್ಫ್‌ನಾಕ್ ಆಗಿರಬೇಕು, ಇಲ್ಲವೇ ಅದರ ಗುರುತು ಮೈಯೊಳಗಿರಬೇಕು. ಉಳಿದವರನ್ನು ಅದು ಹತ್ತಿರಕ್ಕೂ ಸೇರಿಸುವುದಿಲ್ಲ. ಟಕುಮಿ ಯಾರು ಅನ್ನುವ ಗುಟ್ಟನ್ನು ಬೆಲ್ಟು ಮೊದಲ ದಿನವೇ ಹೇಳಿಬಿಟ್ಟಿದೆ. ನಮಗೆ ಅದು ಅರ್ಥವಾಗುವುದು 34ನೇ ಕಂತಿನ ಹೊತ್ತಿಗೆ, ಅವನು ತೋಳ ಆರ್ಫ್‌ನಾಕ್ ಅಂತ ಬಯಲಾದಾಗ. 50 ಕಂತುಗಳನ್ನೂ ಇನೌಎ ತೋಶಿಕಿ ಒಬ್ಬರೇ ಬರೆದದ್ದು (ಟಿವಿ ಅಸಾಹಿಯಲ್ಲಿ 2003ರ ಜನವರಿ 26ರಿಂದ 2004ರ ಜನವರಿ 18ರವರೆಗೆ ಪ್ರಸಾರ). ಇಷ್ಟು ದೂರಕ್ಕೆ ಎಳೆ ಬಿಟ್ಟು ಮತ್ತೆ ಹಿಡಿಯಲು ಸಾಧ್ಯವಾದದ್ದು ಅದರಿಂದಲೂ ಇರಬೇಕು.

ಆರ್ಫ್‌ನಾಕ್ ಅಂದರೆ ಸತ್ತು ಎದ್ದವರು. ಕೆಲವರು ಸತ್ತ ಮೇಲೆ ತಾವಾಗಿ ಏಳುತ್ತಾರೆ. ಇನ್ನು ಕೆಲವರನ್ನು ಬೇರೊಬ್ಬ ಆರ್ಫ್‌ನಾಕ್ ಕೊಂದು ಎಬ್ಬಿಸುತ್ತಾನೆ. ಹಾಗೆ ಕೊಂದವರಲ್ಲಿ ಹೆಚ್ಚಿನವರು ಏಳದೆ ಬೂದಿಯಾಗಿ ಉದುರಿಹೋಗುತ್ತಾರೆ. ಎಲ್ಲರ ಮೈಬಣ್ಣವೂ ಅದೇ ಬೂದಿ ಬಣ್ಣ. ಇಲ್ಲಿ ಒಂದು ಸಣ್ಣ ವಿಷಯ ಹತ್ತಿರದಿಂದ ನೋಡಿ. ರಾಕ್ಷಸ ರೂಪದಲ್ಲಿದ್ದಾಗ ಅವರು ಮಾತಾಡಬೇಕಾದರೆ ಬಾಯಿ ಅಲುಗುವುದಿಲ್ಲ. ನೆಲದ ಮೇಲೋ ಗೋಡೆಯ ಮೇಲೋ ಬಿದ್ದ ನೆರಳಿನಲ್ಲಿ ಅವರ ಮನುಷ್ಯ ರೂಪ ಮೂಡುತ್ತದೆ, ಮಾತಾಡುವುದು ಅದು. ಎದುರಿಗೆ ನಿಂತದ್ದು ಮೃಗ, ಕಾಲ ಬುಡದಲ್ಲಿ ಬಿದ್ದದ್ದು ಮನುಷ್ಯ. ಇಡೀ ಸರಣಿಯಲ್ಲಿ ಇದಕ್ಕಿಂತ ಚೆನ್ನಾಗಿ ಆ ಒಳಜಗಳವನ್ನು ಹೇಳಿದ ಸಂಭಾಷಣೆ ಒಂದೂ ಇಲ್ಲ ಅನ್ನುತ್ತೇನೆ. ಹೊಡೆದಾಟದಲ್ಲಿ ಕಣ್ಣು ಮೇಲಿದ್ದರೆ ಇದು ತಪ್ಪಿಹೋಗುತ್ತದೆ.

ಇನ್ನು ಮನೆಗಳು. ಮುಖ್ಯವಾಗಿ ಮೂರು.

ಒಂದು, ಕಿಕುಚಿ ಕೇತಾರೊನ ಲಾಂಡ್ರಿ. ಕೆಳಗೆ ಅಂಗಡಿ, ಒಳಗೆ ಮೂವರ ಸಂಸಾರ. ಕೇತಾರೊ ಬಟ್ಟೆ ಒಗೆದು ಮನೆಮನೆಗೆ ತಲುಪಿಸುವವನು. ಜಗತ್ತಿನ ಬಟ್ಟೆಯೆಲ್ಲ ಬೆಳ್ಳಗಾದ ಹಾಗೆ ಜನರೆಲ್ಲ ಸುಖವಾಗಿರಲಿ ಅನ್ನುವುದು ಅವನ ಕನಸು. ಮರಿಗೆ ಕೇಶವಿನ್ಯಾಸಕಿ ಆಗುವ ಆಸೆ. ಟಕುಮಿಗೆ ಕನಸೇ ಇಲ್ಲ. ಅವನ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟಿದ್ದಾರೆ, ಗೊಣಗುತ್ತಾ ಉಜ್ಜುತ್ತಾನೆ. ಊಟಕ್ಕೆ ಕೂತರೆ ಇನ್ನೊಂದು ರಗಳೆ: ಬಿಸಿ ಯಾವುದೂ ಅವನ ನಾಲಿಗೆಗೆ ಆಗುವುದಿಲ್ಲ. ಜಪಾನಿನಲ್ಲಿ ಇದಕ್ಕೆ ಬೆಕ್ಕಿನ ನಾಲಿಗೆ ಅನ್ನುತ್ತಾರೆ. ಮಿಸೊ ಸಾರನ್ನು ಊದಿ ಊದಿ ಆರಿಸುತ್ತಾನೆ, ಬಿಸಿ ಬಡಿಸಿದರು ಅಂತ ಸಿಡುಕುತ್ತಾನೆ. ಹತ್ತು ಕಂತಿನಲ್ಲಿ ನಿಮಗೆ ಕಂಡ ಜಗಳದಲ್ಲಿ ಅರ್ಧ ಇದೇ ಇರಬೇಕು. ಆದರೆ ಒಬ್ಬನ ನಾಲಿಗೆ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದು ಮನೆಯವರಿಗಲ್ಲದೆ ಬೇರೆ ಯಾರಿಗೆ ಗೊತ್ತಿರುತ್ತದೆ? ಈ ತಮಾಷೆ ಕೊನೆತನಕ ಬಿಡದೆ ಬರುವುದು ಸುಮ್ಮನೆ ಅಲ್ಲ. ಟಕುಮಿ ಚಿಕ್ಕಂದಿನಲ್ಲಿ ಬೆಂಕಿ ಅಪಘಾತದಲ್ಲಿ ಸತ್ತು ಎದ್ದವನು. ಆ ಬೆಂಕಿಗೂ ಈ ನಾಲಿಗೆಗೂ ನಂಟು ಹಾಕುವವರಿದ್ದಾರೆ. ನನಗೆ ಅಷ್ಟು ಎಳೆಯುವ ಅಗತ್ಯ ಕಾಣುವುದಿಲ್ಲ, ಆದರೆ ಒಮ್ಮೆ ತಲೆಗೆ ಹೊಕ್ಕ ಮೇಲೆ ಬಿಡುವುದೂ ಇಲ್ಲ.

ಅವನ ಸಿಡುಕಿಗೆ ಕಾರಣವನ್ನೂ ಶುರುವಿನ ಕಂತುಗಳಲ್ಲೇ ಅವನ ಬಾಯಲ್ಲಿ ಹೇಳಿಸಿದ್ದಾರೆ. ಬೇರೆಯವರು ನನಗೆ ಮೋಸ ಮಾಡಿಯಾರು ಅನ್ನುವ ಭಯವಲ್ಲ, ನಾನೇ ಬೇರೆಯವರಿಗೆ ದ್ರೋಹ ಮಾಡಿಬಿಟ್ಟರೆ ಅನ್ನುವ ಭಯ ಎಂಬರ್ಥದ ಮಾತು. ಮೊದಲ ಸಲ ಕೇಳಿದಾಗ ಇದು ಹೀರೋ ಡೈಲಾಗಿನ ಹಾಗೆ ಕೇಳಿಸುತ್ತದೆ. ಅವನಿಗೆ ತಾನು ಯಾರು ಅಂತ ಆಗಲೇ ಗೊತ್ತಿತ್ತು ಅನ್ನುವುದು ತಿಳಿದ ಮೇಲೆ ಅದೇ ಮಾತು ಬೇರೆಯಾಗಿಬಿಡುತ್ತದೆ.

ಎರಡನೆಯದು ಕಿಬಾ ಯೂಜಿಯ ಫ್ಲ್ಯಾಟು. ಕಾರು ಅಪಘಾತದಲ್ಲಿ ತಂದೆತಾಯಿ ಹೋದರು, ಅವನು ಎರಡು ವರ್ಷ ಕೋಮಾದಲ್ಲಿ ಮಲಗಿದ್ದು ಸತ್ತು ಎದ್ದ. ಎದ್ದು ನೋಡಿದರೆ ಆಸ್ತಿ ಚಿಕ್ಕಪ್ಪನ ಕೈಯಲ್ಲಿ, ಪ್ರೀತಿಸಿದ ಹುಡುಗಿ ಚಿಕ್ಕಪ್ಪನ ಮಗನ ಜೊತೆ. ಆ ಇಬ್ಬರನ್ನೂ ಅವನು ಕೊಲ್ಲುತ್ತಾನೆ. ಮೊದಲ ಎರಡು ಕಂತಿನಲ್ಲೇ. ಅವನ ಜೊತೆ ಇರುವ ಒಸಾದ ಯೂಕ, ಸಾಕಿದ ಮನೆಯಲ್ಲೂ ಶಾಲೆಯಲ್ಲೂ ಹಿಂಸೆ ಉಂಡವಳು. ಕೈದೊ ನವೋಯ, ಕೈ ಕೆಟ್ಟು ಗಿಟಾರ್ ಬಿಟ್ಟವನು. ರಕ್ತಸಂಬಂಧ ಕೆಟ್ಟದ್ದು, ಸಾಕುಮನೆ ಒಳ್ಳೆಯದು ಅನ್ನುವ ಸುಲಭದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎರಡೂ ಕೈಕೊಟ್ಟಿವೆ. ಇನ್ನೊಂದು ಮಾತು: ಈ ಮೂವರು ಇರುವ ಚಂದದ ಫ್ಲ್ಯಾಟು ಸ್ಮಾರ್ಟ್ ಬ್ರೈನ್ ಕಂಪನಿ ಕೊಟ್ಟದ್ದು. ಆ ಕಂಪನಿಗೆ ಬೇಕಾದದ್ದು ಇವರು ಮನುಷ್ಯರನ್ನು ಕೊಲ್ಲುವುದು. ಸೂರು ಕೊಟ್ಟವನ ಋಣ ಅಂದರೆ ಏನು ಅನ್ನುವುದು ನಮಗೆ ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ರ್ಯೂಸೇ ಶಾಲೆ, ಮರಿ ಬೆಳೆದ ಜಾಗ. ಸಾವಿನ ಬಾಯಿಂದ ಪಾರಾದ ಮಕ್ಕಳನ್ನು ಹನಗತ ಅನ್ನುವವರು ಅಲ್ಲಿ ಸೇರಿಸಿ ಸಾಕಿದರು. ಮಕ್ಕಳಿಗೆ ಅವರು ಅಪ್ಪ. ಅಪ್ಪ ಸ್ಮಾರ್ಟ್ ಬ್ರೈನಿನ ಹಿಂದಿನ ಅಧ್ಯಕ್ಷ, ಮೇಕೆ ಆರ್ಫ್‌ನಾಕ್. ಆರ್ಫ್‌ನಾಕ್‌ಗಳ ರಾಜ ಇಂಥ ಒಂದು ಮಗುವಿನೊಳಗೆ ಏಳುತ್ತಾನೆ, ಅದಕ್ಕೇ ಮಕ್ಕಳನ್ನು ಕೂಡಿಹಾಕಿದ್ದು. ಹಾಗಾದರೆ ಆ ಮನೆ ಸುಳ್ಳೇ? ಅದೇ ಅಪ್ಪ ಕೊನೆಗೆ ರಾಜನ ಬೆಲ್ಟುಗಳನ್ನು ರಾಜನ ವಿರುದ್ಧವೇ ಬಳಸಲಿ ಅಂತ ಮಕ್ಕಳಿಗೆ ಕಳಿಸಿದ್ದು. ಪ್ರಯೋಗಶಾಲೆಯೂ ಹೌದು, ಮನೆಯೂ ಹೌದು. ಸರಣಿ ಇದನ್ನು ತೀರ್ಮಾನ ಮಾಡುವುದಿಲ್ಲ, ಮರಿಯೂ ಮಾಡುವುದಿಲ್ಲ. ಇದೇ ಶಾಲೆಯಿಂದ ಬಂದ ಕುಸಾಕ ಮಸಾತೊ ನಿಮಗೆ ಇನ್ನು ಮುಂದೆ ಸಿಗುತ್ತಾನೆ. ಆಗಾಗ ಒದ್ದೆ ಟಿಶ್ಯೂದಿಂದ ಕೈ ಒರೆಸಿಕೊಳ್ಳುವವನು. ಮರಿಯ ಮೇಲೆ ಅವನಿಗಿರುವುದನ್ನು ಪ್ರೀತಿ ಅಂದುಕೊಳ್ಳುವ ಹೊತ್ತಿಗೆ, ಅವಳು ತನಗೆ ತಾಯಿಯಾಗಬಲ್ಲವಳು ಅಂತ ಅವನೇ ಹೇಳಿಬಿಡುತ್ತಾನೆ. ಅವನನ್ನು ಬರೀ ಖಳ ಅಂತ ಬದಿಗಿಡಬೇಡಿ.

ಈಗ ನಿಮ್ಮ ಪ್ರಶ್ನೆಯ ತಿರುಳು. ಮೊದಲು ನಿನ್ನನ್ನು ನೀನು ಒಪ್ಪಿಕೋ, ಆಮೇಲೆ ಜಗತ್ತು ಒಪ್ಪುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರಲ್ಲ, 555 ಅದನ್ನು ಉಲ್ಟಾ ಮಾಡಿದೆ. ತಾನು ಆರ್ಫ್‌ನಾಕ್, ಆದರೂ ಮನುಷ್ಯನಾಗಿಯೇ ಬದುಕುತ್ತೇನೆ ಅಂತ ಶುರುವಿನಲ್ಲೇ ನಿರ್ಧಾರ ಮಾಡಿಕೊಂಡವನು ಕಿಬಾ. ಟಕುಮಿಗಿಂತ ಎಷ್ಟೋ ಪಕ್ವ. ಆದರೆ ಆ ನಿರ್ಧಾರ ಅವನ ತಲೆಯೊಳಗೆ ಮಾತ್ರ. ಅವನ ಮನೆಯೊಳಗೆ ಮನುಷ್ಯರಿಲ್ಲ. ಯೂಕಳನ್ನು ಪೊಲೀಸರು ಹಿಡಿದು ಪ್ರಯೋಗಕ್ಕೆ ಒಡ್ಡುತ್ತಾರೆ, ಆಮೇಲೆ ಅವಳು ಸಾಯುತ್ತಾಳೆ. ಮನುಷ್ಯರೇ ಕೊಂದರು ಅಂತ ನಂಬಿದ ಕಿಬಾ ಒಂದೇ ಏಟಿಗೆ ಮುರಿದುಬೀಳುತ್ತಾನೆ. ಟಕುಮಿಯ ಕಥೆ ಬೇರೆ. ಅವನು ತನ್ನನ್ನು ತಾನು ಒಪ್ಪುವುದೇ ಇಲ್ಲ. ಗುಟ್ಟು ಬಯಲಾದ ಮೇಲೆ, ಹಿಂದೆ ಮರಿಯೂ ಇದ್ದ ರ್ಯೂಸೇ ಶಾಲೆಯ ಹಳೆ ವಿದ್ಯಾರ್ಥಿಗಳ ಕೂಟದಲ್ಲಿ ನಡೆದ ಕೊಲೆ ತನ್ನದೇ ಇರಬಹುದು ಅಂತ ಹೆದರಿ ಮನೆ ಬಿಟ್ಟುಹೋಗುತ್ತಾನೆ. ಅವನನ್ನು ಮೊದಲು ಒಪ್ಪುವುದು ಆ ಲಾಂಡ್ರಿ. ಅವನ ಸರದಿ ಬರುವುದು ಎಲ್ಲರಿಗಿಂತ ಕಡೆಗೆ.

ಯೂಕ ಮತ್ತು ಕೇತಾರೊನ ಮೊಬೈಲ್ ಮೆಸೇಜುಗಳನ್ನೂ ಇದೇ ಬೆಳಕಿನಲ್ಲಿ ನೋಡಿ. ಎದುರಿಗಿರುವುದು ಯಾರು ಅಂತ ತಿಳಿಯದೆ ಇಬ್ಬರೂ ಬರೆದುಕೊಳ್ಳುತ್ತಾರೆ. 2003ರ ಫೋನುಗಳು, ಚಿಕ್ಕ ಪರದೆ. ನಲವತ್ತರ ಆಚೆ ಅವಳ ಕೊನೆಯ ಮೆಸೇಜ್ ಬರುವಾಗ ಕರವಸ್ತ್ರ ಹತ್ತಿರ ಇರಲಿ.

ನೋಡುವ ವಿಧಾನದ ಬಗ್ಗೆ ಒಂದಿಷ್ಟು. ಒಂದು ಕಂತು ಸುಮಾರು 24 ನಿಮಿಷ, ಒಟ್ಟು 20 ಗಂಟೆ. ಎರಡೆರಡು ಕಂತು ಜೋಡಿಸಿ ನೋಡಿ, ಒಂದು ಕಂತಿಗೆ ನಿಲ್ಲಿಸಿದರೆ ಯಾವಾಗಲೂ ಜಗಳದ ನಡುವೆಯೇ ನಿಂತಂತಾಗುತ್ತದೆ. 7 ಮತ್ತು 8, ಕೈದೊನ ಗಿಟಾರಿನ ಕಥೆ, ನೀವು ನೋಡಿಯಾಗಿದೆ. ಕನಸಿಲ್ಲದವನು ಬೇರೆಯವರ ಕನಸು ಕಾಯಬಹುದು ಅನ್ನುವ ಮಾತು ಬರುವುದು ಅಲ್ಲೇ, ಆ ಎಂಟನೆಯದನ್ನು ಇನ್ನೊಮ್ಮೆ ನೋಡಿದರೆ ನಷ್ಟವಿಲ್ಲ. ನಡುವಿನ ಕಂತುಗಳಲ್ಲಿ ತಪ್ಪು ತಿಳಿವಳಿಕೆ ಅತಿಯಾಗುತ್ತದೆ, ಸುಳ್ಳೇಕೆ. ಒಬ್ಬ ಬಾಯಿಬಿಟ್ಟು ಎರಡು ವಾಕ್ಯ ಹೇಳಿದ್ದರೆ ಆರು ಕಂತು ಉಳಿಯುತ್ತಿತ್ತು ಅಂತ ಅನ್ನಿಸುತ್ತದೆ. ಆದರೂ ಹಾರಿಸಬೇಡಿ: ಕಿಬಾ ಮತ್ತು ಟಕುಮಿ ಮನುಷ್ಯರಾಗಿ ಗೆಳೆಯರು, ವೇಷದಲ್ಲಿ ಶತ್ರುಗಳು, ಇಬ್ಬರಿಗೂ ಅದು ಗೊತ್ತಿಲ್ಲ. ಆ ಗೆಳೆತನ ಬೆಳೆಯುವುದನ್ನು ನೋಡದಿದ್ದರೆ ಕೊನೆಯ ಮೂರು ಕಂತು ಬರೀ ಪಟಾಕಿ.

ಇಂಗ್ಲಿಷ್ ಸಬ್‌ಟೈಟಲ್ ಒಂದು ಕಡೆ ಕೈಕೊಡುತ್ತದೆ. ಅದರಲ್ಲಿ ಎಲ್ಲರೂ ಎಲ್ಲರಿಗೂ ಒಂದೇ "ಯೂ". ಕಿವಿ ಜಪಾನೀಸಿನ ಕಡೆ ಇಡಿ: ಕೇತಾರೊ ಟಕುಮಿಯನ್ನು "ಟಕ್ಕುನ್" ಅನ್ನುತ್ತಾನೆ, ನಾವು ಹೆಸರನ್ನು ಮೊಟಕು ಮಾಡಿ ಮುದ್ದಿಗೆ ಕರೆಯುವ ಹಾಗೆ. ಮರಿ ಬರೀ "ಟಕುಮಿ" ಅನ್ನುತ್ತಾಳೆ. ಕಿಬಾನದು "ಇನುಯಿ-ಕುನ್", ಮನೆತನದ ಹೆಸರು, ಒಂದು ಮಾರು ದೂರ. ನೀನು, ನೀವು ಅಂತರ ಗೊತ್ತಿರುವ ಕನ್ನಡದ ಕಿವಿಗೆ ಇದು ಎರಡು ಕಂತಿನಲ್ಲಿ ಹತ್ತಿಬಿಡುತ್ತದೆ.

2003ರ ಸಿನಿಮಾ "ಪ್ಯಾರಡೈಸ್ ಲಾಸ್ಟ್" ನಡುವೆ ತುರುಕಬೇಡಿ, ಅದು ಬೇರೆಯದೇ ಲೋಕ. ಅಲ್ಲಿ ನಡೆದದ್ದು ಇಲ್ಲಿಗೆ ಲೆಕ್ಕವಿಲ್ಲ. 2024ರ "ಪ್ಯಾರಡೈಸ್ ರಿಗೇನ್ಡ್" ಸರಣಿಯ ಇಪ್ಪತ್ತು ವರ್ಷಕ್ಕೆ ಬಂದದ್ದು, ಹಳೆ ನಟರೇ ಇದ್ದಾರೆ. ಅಲ್ಲಿ ಆರ್ಫ್‌ನಾಕ್ ಆಗುವ ಸರದಿ ಮರಿಯದು. 50 ಮುಗಿಸದೆ ಅದಕ್ಕೆ ಕೈಹಾಕಿದರೆ ಆ ತಿರುವಿಗೆ ಬೆಲೆಯೇ ಇರುವುದಿಲ್ಲ.

ಕೊನೆಯ ಕಂತಿನಲ್ಲಿ ಮೂವರೂ ಹುಲ್ಲಿನ ಮೇಲೆ ಮಲಗಿರುತ್ತಾರೆ. ಆರ್ಫ್‌ನಾಕ್ ದೇಹ ಹೆಚ್ಚು ದಿನ ಬಾಳುವುದಿಲ್ಲ, ಟಕುಮಿಯ ಕೈಯಿಂದ ಬೂದಿ ಉದುರುವುದನ್ನು ನೀವು ಆ ಹೊತ್ತಿಗೆ ನೋಡಿರುತ್ತೀರಿ. ಅವನು ಕೊನೆಗೂ ಒಂದು ಕನಸು ಹೇಳುತ್ತಾನೆ. ಹೊಸದೇನಲ್ಲ, ಕೇತಾರೊನ ಅದೇ ಬಟ್ಟೆ ಬೆಳ್ಳಗಾಗುವ ಕನಸು, ಎರವಲು ಪಡೆದದ್ದು. ನಾನಾದರೆ ಹನ್ನೊಂದನೇ ಕಂತಿಗೆ ಹೋಗುವ ಮೊದಲು ಒಂದನೆಯದನ್ನು ಮತ್ತೆ ಹಾಕಿ, ಬೆಲ್ಟು ಮರಿಗೆ "ಎರರ್" ಅಂದು ಟಕುಮಿಗೆ "ಕಂಪ್ಲೀಟ್" ಅನ್ನುವಲ್ಲಿ ನಿಲ್ಲಿಸಿ, ಅವನ ಮುಖ ನೋಡುತ್ತೇನೆ.